ಒಣಸೂಜಿ ಮಾಡಿದ ವ್ಯಾಪಾರ

ಅವತ್ತು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ತೆಂಗಿನ ಮರಗಳಿಗೆ ತಲೆಯೇ ಇರಲಿಲ್ಲ. ಕಾಂಡಗಳು ನೆಲದಿಂದ ಎದ್ದು ನೇರ ಬಿಳುಪಿನೊಳಕ್ಕೆ ಹೋಗಿ ಮುಗಿದುಬಿಟ್ಟಿದ್ದವು. ಕಾಣದ ಗರಿಗಳಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಮಾತ್ರ, ಮೇಲೊಬ್ಬನಿದ್ದಾನೆ ಎಂದು ಸಾಕ್ಷಿ ಹೇಳುತ್ತಿತ್ತು. ಶಿವನೂ ಹೀಗೆಯೇ ಇರಬೇಕು ಎಂದು ಹಿತ್ತಲಲ್ಲಿ ನಿಂತ ಸದಾಶಿವಯ್ಯನವರು ಅಂದುಕೊಂಡರು. ಅಂದುಕೊಂಡು ಕೈ ಮುಗಿಯಹೋದರು. ಎಡಗೈ ಎದೆಯವರೆಗೆ ಬಂತು. ಬಲಗೈ ಹೊಕ್ಕುಳ ಹತ್ತಿರ ಬಂದು, ಮುಂದಿನ ಪ್ರಯಾಣಕ್ಕೆ ಒಪ್ಪದೆ ನಿಂತಿತು. ಇಷ್ಟನ್ನೇ ಪೂರ್ತಿ ನಮಸ್ಕಾರವೆಂದು ಶಿವ ತಿಳಿದುಕೊಳ್ಳಲಿ ಎಂದು ಅವರು ಒಳಗೆ ಬಂದರು.

ಆ ಕೈ ಕೆಟ್ಟದ್ದು ಬೀಗರ ಮುಂದೆ. ಮಗಳ ಮಾವನ ಕಡೆಯವರು ಬಂದಿದ್ದ ದಿನ ಅಂಗಳದಲ್ಲಿ ಆಳು ಕಾಯಿ ಸುಲಿಯುತ್ತಿದ್ದ. "ಏನು ಚುರುಕಪ್ಪ ಇವನ ಕೈ" ಎಂದು ಬೀಗರಲ್ಲೊಬ್ಬರು ಬಾಯಿಮಾತಿಗೆ ಅಂದರು. ತಮ್ಮ ಅಂಗಳದಲ್ಲಿ ಇನ್ನೊಬ್ಬರ ಕೈ ಹೊಗಳಿಸಿಕೊಳ್ಳುವುದನ್ನು ಸದಾಶಿವಯ್ಯನವರು ಸಹಿಸುವವರಲ್ಲ. ಐವತ್ತು ದಾಟಿದ್ದನ್ನು ಮರೆತು, ಪಂಚೆ ಎತ್ತಿ ಕಟ್ಟಿ, ಕಾಯಿ ಸುಲಿಯಲು ನೆಟ್ಟಿದ್ದ ಕಬ್ಬಿಣದ ಮೊನೆಯ ಮುಂದೆ ನಿಂತರು. ಬೀಗರು "ಸಾಕು ಬನ್ನಿ" ಎನ್ನುವವರೆಗೆ ಸುಲಿಯೋಣವೆಂದು ಇವರು. ನಡುವೆ ಕರೆದರೆ ಮರ್ಯಾದೆಯಲ್ಲ, ತಾವಾಗಿ ದಣಿದು ಬರಲಿ ಎಂದು ಬೀಗರು. ಎರಡೂ ಕಡೆಯ ಮರ್ಯಾದೆಯ ನಡುವೆ ಹೊತ್ತು ಮುಳುಗಿತು, ರಾಶಿ ಮುಗಿಯಿತು, ಭುಜವೂ ಮುಗಿಯಿತು.

ಹರಳೆಣ್ಣೆ ತಿಕ್ಕಿದ್ದಾಯಿತು, ಬಿಸಿ ಇಟ್ಟಿಗೆ ಇಟ್ಟದ್ದಾಯಿತು, ತುರುವೇಕೆರೆಯ ಪಂಡಿತರ ಲೇಪ ಚರ್ಮ ಸಮೇತ ಕಿತ್ತು ಬಂದದ್ದೂ ಆಯಿತು. ಕೈ ಮಾತ್ರ ಮೇಲೇಳಲಿಲ್ಲ. ಅಂದಿನಿಂದ ಅವರ ಹಣೆಯ ವಿಭೂತಿ ಹೆಂಡತಿ ದ್ರಾಕ್ಷಾಯಣಮ್ಮನ ಪಾಲಿಗೆ ಹೋಗಿತ್ತು. ವಿಭೂತಿ ಇಡಿಸಿಕೊಳ್ಳುವಾಗ ಗಂಡ ಅಲ್ಲಾಡುವಂತಿಲ್ಲ, ಮಾತಾಡುವಂತೆಯೂ ಇಲ್ಲ. ಮದುವೆಯಾದಾಗಿನಿಂದ ಆಕೆ ಕಾದಿದ್ದ ಗಳಿಗೆ ಅದು; ಅದನ್ನು ಆಕೆ ಹಾಳುಮಾಡಲಿಲ್ಲ.

"ಇವತ್ತೂ ಸಂತೆಗೆ ಹೋಗ್ಲೇಬೇಕಾ? ಮಾರೋದಿಲ್ಲ, ಕೊಳ್ಳೋದಿಲ್ಲ. ಆ ಮೂಕಪ್ರಾಣಿಗಳ್ನ ತಿಪಟೂರಿನವರೆಗೂ ನಡೆಸ್ಕೊಂಡು ಹೋಗಿ, ಬೆಲೆ ಕೇಳಿಸ್ಕೊಂಡು, ತಿರುಗಿ ನಡೆಸ್ಕೊಂಡು ಬರೋದು! ಇದೊಂದು ಕಸುಬೇನ್ರೀ?"

"ಹೂಂ" ಎಂದರು ಸದಾಶಿವಯ್ಯನವರು, ತುಟಿ ಅಲ್ಲಾಡಿಸದೆ.

ಊರಿಗೆಲ್ಲ ಗೊತ್ತಿದ್ದ ಅವರ ಚಪಲ ಇದೊಂದೇ. ಚೆನ್ನ, ಚೆಲುವ ಎಂಬ ಅವರ ಜೋಡೆತ್ತು ಮನೆಯಲ್ಲೇ ಹುಟ್ಟಿ, ದ್ರಾಕ್ಷಾಯಣಮ್ಮನ ಕೈಯ ರಾಗಿ ಅಂಬಲಿ ಕುಡಿದು ಬೆಳೆದವು. ಗಂಡನ ಹೆಸರನ್ನು ಆಕೆ ಒಂದು ದಿನವೂ ಬಾಯಲ್ಲಿ ಹೇಳಿದವಳಲ್ಲ. ಇವುಗಳ ಹೆಸರನ್ನು ಹೇಳದೆ ಉಸಿರಾಡಿದವಳಲ್ಲ. ಅವನ್ನು ಮಾರುವ ಯೋಚನೆ ಯಾರಿಗೂ ಇರಲಿಲ್ಲ. ಆದರೂ ಸಂತೆಯ ದಿನ ಸದಾಶಿವಯ್ಯನವರು ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಹೊಡೆದುಕೊಂಡು ಹೋಗುವರು. ಅಲ್ಲಿ ದನದ ವ್ಯಾಪಾರಿ ಬುಡನ್ ಸಾಬರು ಬೆಲೆ ಕೇಳುವರು. ಇವರು ನಿಟ್ಟುಸಿರು ಬಿಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುವರು. "ಇನ್ನೂ ಆ ಬೆಲೆ ಕೊಡೋನು ಹುಟ್ಟಿಲ್ಲ" ಎನ್ನುತ್ತ, ಎಂಟು ದಿನಕ್ಕೆ ಸಾಕಾಗುವಷ್ಟು ಹೆಮ್ಮೆ ತುಂಬಿಕೊಂಡು ಮನೆಗೆ ಬರುವರು.

ಸಂತೆಯಲ್ಲಿ ದನದ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಇಬ್ಬರೂ ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ ಮುಚ್ಚಿಕೊಳ್ಳುತ್ತಾರೆ. ಒಳಗೆ ಬೆರಳು ಹಿಡಿದದ್ದು ಸಾವಿರ, ಗೆಣ್ಣು ಒತ್ತಿದ್ದು ನೂರು. ಹೆಬ್ಬೆರಳು ಅಂಗೈಯನ್ನು ಬಲವಾಗಿ ಒತ್ತಿದರೆ ಒಪ್ಪಿಗೆ, ಅಲ್ಲಿಗೆ ಮುಗಿಯಿತು. ಒಳಗೆ ಏನಾಯಿತೆಂದು ಮೂರನೆಯವರು ಕೇಳಬಾರದು, ಆ ಇಬ್ಬರು ಹೇಳಲೂಬಾರದು. ಹೋದ ವರ್ಷ ನೆರೆಮನೆಯ ತಿಪ್ಪಯ್ಯ ಒಂದು ಕರು ಮಾರಿ, ಬೆರಳು ಜಾರಿತು, ಬೆಲೆ ತಪ್ಪಿತು ಎಂದು ಗೋಳಾಡಿಕೊಂಡು ಬಂದಾಗ, ಪಂಚಾಯ್ತಿಯಲ್ಲಿ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದವರು ಸದಾಶಿವಯ್ಯನವರೇ: "ನಾಲಿಗೆ ಜಾರಬೌದು ಕಣ್ಲಾ, ಕೈ ಜಾರಾಂಗಿಲ್ಲ. ಟವೆಲ್ ಕೆಳಗಿನ ಮಾತು ಶಿವನ ಮುಂದಿನ ಮಾತು." ಕರು ಕೊಂಡವನ ಮನೆಗೆ ಹೋಯಿತು. ತಿಪ್ಪಯ್ಯ ಆ ಮಾತನ್ನು ಬಾಯಿಪಾಠ ಮಾಡಿಟ್ಟುಕೊಂಡ.

ಆ ತಿಪ್ಪಯ್ಯನೇ ಅವತ್ತು ಸಂತೆಗೆ ಜೊತೆಯಾದವನು. ಮಂಜಿನಲ್ಲಿ ಎತ್ತುಗಳ ಹಿಂದೆ ನಡೆಯುತ್ತ, "ಕೈ ಹಿಂಗೇ ಇದ್ರೆ ಬುಡನ್ ಸಾಬ್ರಿಗೆ ಹೆಂಗ್ ಕೈ ಕೊಡ್ತೀಯ ಅಣ್ಣ? ಹೋದ ಸಂತೇಲಿ ಅವರೇ ಕುಕ್ಕರುಗಾಲಲ್ಲಿ ಕೂತು ಬೆಲೆ ಕೇಳ್ಬೇಕಾಯ್ತು. ನೋಡೋಕೆ ಚೆನ್ನಾಗಿರ್ಲಿಲ್ಲ" ಎಂದ. "ಪ್ಯಾಟೇಲಿ ಒಬ್ರು ಡಾಕ್ಟ್ರಮ್ಮ ಬಂದವ್ರೆ. ಸೂಜೀಲೇ ನೋವು ಎತ್ತಿ ಬಿಸಾಕ್ತಾರಂತೆ."

ಸದಾಶಿವಯ್ಯನವರು ನಿಂತರು. ಅವರಿಗೆ ಏನಾದರೂ ನಿರ್ಧಾರ ಬಂತೆಂದರೆ ಮೊದಲು ಕಾಲು ನಿಲ್ಲುತ್ತಿತ್ತು. "ನಡಿ. ಮೊದ್ಲು ಸೂಜಿ, ಆಮೇಲೆ ಸಂತೆ."

ಡಾಕ್ಟರ್ ಗಿರಿಜಾಂಬಿಕಾ ಅವರ ಕೋಣೆ ಇದ್ದದ್ದು ಫಜಲುಲ್ಲಾ ಎಂಬ ದರ್ಜಿಯ ಅಂಗಡಿಯ ಮಹಡಿ ಮೇಲೆ. ಎತ್ತುಗಳನ್ನು ತಿಪ್ಪಯ್ಯನ ವಶಕ್ಕೆ ಬಿಟ್ಟು, ಸದಾಶಿವಯ್ಯನವರು ದಾರಿ ಕೇಳಿದರು. ಫಜಲುಲ್ಲಾ ಹೊಲಿಗೆಯಿಂದ ತಲೆಯೆತ್ತದೆ, "ನೂಲಿರೋ ಸೂಜಿ ಬೇಕಂದ್ರೆ ಇಲ್ಲೇ ಕೂತ್ಕೊಳ್ಳಿ, ನೂಲಿಲ್ದಿರೋದು ಬೇಕಂದ್ರೆ ಮೇಲಕ್ಕೆ ಹೋಗಿ" ಎಂದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮದರಾಸಿನಲ್ಲಿ ಯಾರೋ ಹಿರಿಯ ವೈದ್ಯರ ಬಳಿ ಈ ವಿದ್ಯೆ ಕಲಿತು ಬಂದಿದ್ದರು. ರೋಗಿಯ ಭುಜ, ಬೆನ್ನು, ಮುಂಗೈ ಎಲ್ಲವನ್ನೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಹುಡುಕಿದರು. ಸದಾಶಿವಯ್ಯನವರು ಒಂದು ಕಡೆ "ಶಿವನೇ" ಎಂದರು, ಇನ್ನೊಂದು ಕಡೆ "ಗುರುವೇ" ಎಂದರು, ಮೊಣಕೈ ಕೆಳಗೆ ಒತ್ತಿದಾಗ ದೇವರು ಗುರು ಇಬ್ಬರನ್ನೂ ಬಿಟ್ಟು "ಅಯ್ಯಯ್ಯಮ್ಮಾ" ಎಂದರು.

"ಇಲ್ಲೇ ಇರೋದು ಗಂಟು" ಎಂದರು ಡಾಕ್ಟರಮ್ಮ, ಕೂದಲಿನಷ್ಟು ತೆಳ್ಳನೆಯ ಸೂಜಿಯೊಂದನ್ನು ತೆಗೆಯುತ್ತ.

"ಔಷಧಿ ಎಲ್ಲಿ ತಾಯಿ?"

"ಔಷಧಿ ಇಲ್ಲ. ಬರೀ ಸೂಜಿ. ಒಣಸೂಜಿ."

ಸದಾಶಿವಯ್ಯನವರು ಬಾಗಿಲ ಕಡೆ ನೋಡಿದರು. ಔಷಧಿಯಿಲ್ಲದ ಸೂಜಿಗೆ ದುಡ್ಡು ಕೊಟ್ಟೆನೆಂದು ಮನೆಯಲ್ಲಿ ಹೇಳುವುದು ಹೇಗೆ ಎಂಬ ಚಿಂತೆ ನೋವಿಗಿಂತ ದೊಡ್ಡದಾಗಿ ನಿಂತಿತು. ಡಾಕ್ಟರಮ್ಮ ಸಮಾಧಾನವಾಗಿ ಹೇಳಿದರು: "ನೆನೆದ ಹಗ್ಗದ ಗಂಟು ಒಣಗಿದ ಮೇಲೆ ಹೇಗೆ ಬಿಗಿಯುತ್ತೆ? ನಿಮ್ಮ ಮಾಂಸಖಂಡಾನೂ ದುಡಿದು ದುಡಿದು ಹಾಗೇ ಬಿಗಿದಿದೆ. ಸೂಜಿಯ ಮೊನೆ ಸರಿಯಾಗಿ ಗಂಟಿಗೆ ತಾಗಿದರೆ ಅದು ಒಂದು ಸಲ ಎಗರಿ, ಆಮೇಲೆ ಸಡಿಲ ಬಿಡುತ್ತೆ. ಒಂದೇ ದಿನಕ್ಕೆ ಆಗಲ್ಲ. ವಾರಕ್ಕೊಮ್ಮೆ ಬರಬೇಕು."

ಸೂಜಿ ಇಳಿಯಿತು. ಮೊದಲು ಏನೂ ಆಗಲಿಲ್ಲ. ಆಮೇಲೆ, ಯಾರ ಅಪ್ಪಣೆಯನ್ನೂ ಕೇಳದೆ, ಸದಾಶಿವಯ್ಯನವರ ಬೆರಳುಗಳು ಟಪ್ಪನೆ ನೆಗೆದವು. ನೀರಿನಿಂದ ಹೊರಗೆ ಬಿದ್ದ ಮೀನಿನ ಹಾಗೆ ಮತ್ತೆ ನೆಗೆದವು. ತಮ್ಮದೇ ಕೈಯನ್ನು ಅವರು ಬೇರೆಯವರ ಮನೆಯ ಮಗುವನ್ನು ನೋಡುವಂತೆ ನೋಡಿದರು.

"ಸಿಕ್ಕಿತು!" ಎಂದರು ಡಾಕ್ಟರಮ್ಮ ಸಂತೋಷದಿಂದ. "ಇವತ್ತೆಲ್ಲ ಕೈ ಜೋಮು ಹಿಡಿದ ಹಾಗಿರುತ್ತೆ. ಒಂದೊಂದು ಸಲ ತಾನಾಗೇ ಅದುರಬಹುದು, ಹೆದರಬೇಡಿ. ಇವತ್ತೊಂದು ದಿನ ಆ ಕೈಗೆ ಯಾವ ಕೆಲಸಾನೂ ಕೊಡಬೇಡಿ."

"ಕೆಲಸ ಏನೂ ಇಲ್ಲ ತಾಯಿ. ಸುಮ್ನೆ ಸಂತೆಗೆ ಹೋಗಿ ಬರೋದು" ಎಂದರು ಸದಾಶಿವಯ್ಯನವರು. ಮೆಟ್ಟಿಲಿಳಿಯುವಾಗ ಕೈ ಎದೆಯವರೆಗೆ ಬಂದದ್ದನ್ನು ಕಂಡು ಅವರಿಗೆ ಲೋಕವೇ ಎದೆಯವರೆಗೆ ಬಂದಂತಾಯಿತು.

ಬುಡನ್ ಸಾಬರು ಹುಳಿಯಾರು ಕಡೆಯ ಹೊಲಗಳಿಗೆ ಉಳುವ ಎತ್ತು ಒದಗಿಸುವವರು. ಮಾತು ಕಡಿಮೆ, ಟವೆಲ್ ದೊಡ್ಡದು. ಸದಾಶಿವಯ್ಯನವರು ಮಾರುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪ್ರತಿ ಸಂತೆಯಲ್ಲಿ ಕೇಳುತ್ತಿದ್ದರು. ಇದು ಇಬ್ಬರ ನಡುವೆ ಕುಶಲ ವಿಚಾರಿಸುವ ಒಂದು ಬಗೆಯಾಗಿತ್ತು.

"ಬನ್ನಿ ಅಯ್ಯನೋರೇ. ಏನಂತಾವೆ ನಿಮ್ ಜೋಡಿ?" ಎಂದು ಟವೆಲ್ ಹಾಸಿದರು.

ಸದಾಶಿವಯ್ಯನವರು ಗತ್ತಿನಿಂದ ಕೈ ಒಳಗಿಟ್ಟರು. ಜೋಮು ಹಿಡಿದಿದ್ದ ಆ ಕೈಗೆ ಬುಡನ್ ಸಾಬರ ಬೆರಳು ಏನು ಹೇಳಿತೋ ಒಂದೂ ತಿಳಿಯಲಿಲ್ಲ. ಇರುವೆ ಹರಿದಂತಾಯಿತು, ಅಷ್ಟೆ. ಎಂದಿನಂತೆ ಆಕಾಶ ನೋಡಿ, ನಿಟ್ಟುಸಿರಿಗೆ ಗಾಳಿ ಎಳೆದುಕೊಂಡರು. ಅಷ್ಟರಲ್ಲಿ ಟವೆಲ್ ಒಳಗೆ ಅವರ ಮುಂಗೈ ಒಮ್ಮೆ ಅದುರಿತು. ಬೆರಳುಗಳು ಏನನ್ನೋ ಹೇಳಿದವು. ಬುಡನ್ ಸಾಬರ ಹುಬ್ಬು ಮೇಲೇರಿತು. ಅವರ ಬೆರಳು ಏನೋ ಉತ್ತರ ಕೊಟ್ಟಿತು. ಇವರ ಬೆರಳು ಮತ್ತೆ ನೆಗೆಯಿತು. ಕೊನೆಗೆ ಹೆಬ್ಬೆರಳು ಬಿಲ್ಲಿನಂತೆ ಬಾಗಿ, ಬುಡನ್ ಸಾಬರ ಅಂಗೈ ನಡುವೆ ಅಚ್ಚೊತ್ತಿದಂತೆ ಕೂತಿತು.

ಟವೆಲ್ ಸರಿಯಿತು. ಬುಡನ್ ಸಾಬರು ಬಹಳ ಹೊತ್ತು ಇವರ ಮುಖವನ್ನೇ ನೋಡಿದರು.

"ಆಗ್ಲಿ ಅಯ್ಯನೋರೇ. ನಿಮ್ ದೊಡ್ಡತನ. ದುಡ್ಡು ಮುಂದಿನ ಸಂತೆಗೆ ಮನೆಗೇ ತಲುಪ್ತದೆ" ಎಂದು ವೀಳ್ಯದೆಲೆ ಕೈಗಿಟ್ಟು, ಚೆನ್ನ ಚೆಲುವರ ಹಗ್ಗ ಹಿಡಿದುಕೊಂಡರು.

"ಏನಾಗ್ಲಿ?" ಎಂದರು ಸದಾಶಿವಯ್ಯನವರು.

"ನೀವ್ ಹೇಳಿದ್ದೇ ಆಗ್ಲಿ."

"ನಾನೇನೂ ಹೇಳ್ಲಿಲ್ಲ ಬುಡನ್ ಸಾಬ್. ನಮ್ ಕೈ..."

"ನೀವು ಹೇಳ್ದೆ ನಿಮ್ ಕೈ ಹೇಳ್ತದಾ? ನಿಮ್ ಕೈಗೆ ಬೇರೆ ಯಜಮಾನ್ರು ಅವ್ರಾ?" ಎಂದು ಬುಡನ್ ಸಾಬರು ನಕ್ಕರು. ಸುತ್ತಲಿದ್ದವರೂ ನಕ್ಕರು. ಹಿಂದಿನಿಂದ ತಿಪ್ಪಯ್ಯ, ಬಾಯಿಪಾಠ ಮಾಡಿಟ್ಟಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ: "ನಾಲಿಗೆ ಜಾರಬೌದು ಅಣ್ಣ, ಕೈ ಜಾರಾಂಗಿಲ್ಲ. ಟವೆಲ್ ಕೆಳಗಿನ ಮಾತು ಶಿವನ ಮುಂದಿನ ಮಾತು."

ಸದಾಶಿವಯ್ಯನವರು ಬಾಯಿ ಮುಚ್ಚಿದರು. ತಾವೇ ಶಿವನನ್ನು ಸಾಕ್ಷಿಗೆ ಕರೆತಂದ ಮೇಲೆ ಈಗ ಅವನನ್ನು ಹೊರಗೆ ಕಳಿಸುವುದಕ್ಕಾಗುವುದಿಲ್ಲ. ಎತ್ತು ಹೋಯಿತು. ಎಷ್ಟಕ್ಕೆ ಹೋಯಿತೆಂಬುದು ಜಗತ್ತಿನಲ್ಲಿ ಬುಡನ್ ಸಾಬರೊಬ್ಬರಿಗೆ ಗೊತ್ತು. ಮಾರಿದವರೇ ಬೆಲೆ ಕೇಳುವಂತಿಲ್ಲ!

ದ್ರಾಕ್ಷಾಯಣಮ್ಮ ಕೂಗಾಡಲಿಲ್ಲ. ಖಾಲಿ ಕೊಟ್ಟಿಗೆ ನೋಡಿದಳು, ಖಾಲಿ ಕೈಯ ಗಂಡನನ್ನು ನೋಡಿದಳು.

"ನಾನ್ ಮಾರ್ಲಿಲ್ಲ ಕಣೇ. ಸೂಜಿ ಮಾರ್ತು."

"ಸೂಜೀಲಿ ಯಾವ ಔಷಧಿ ಇತ್ತು?"

"ಔಷಧಿ ಇರ್ಲಿಲ್ಲ. ಒಣಸೂಜಿ."

"ಔಷಧೀನೇ ಇಲ್ದಿರೋ ಸೂಜಿ ಎತ್ತು ಮಾರ್ತದಾ? ಔಷಧಿ ಇದ್ದಿದ್ರೆ ಹೊಲಾನೂ ಮಾರ್ತಿತ್ತೇನೋ!" ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹುಳಿಯಾರಿನ ಯಾವನಾದ್ರೂ ಗಿರಾಕಿ ಬಂದು ಹೊಡ್ಕೊಂಡು ಹೋಗೋದ್ರೊಳಗೆ ನನ್ ಮಕ್ಕಳು ಈ ಕೊಟ್ಟಿಗೇಲಿರ್ಬೇಕು. ಅಲ್ಲಿವರೆಗೂ ನಿಮ್ ವಿಭೂತಿ ನೀವೇ ಇಟ್ಕೊಳ್ಳಿ."

ಇದು ಊಟ ನಿಲ್ಲಿಸಿದ್ದಕ್ಕಿಂತ ಕಠಿಣವಾಗಿತ್ತು. ವಿಭೂತಿಯಿಲ್ಲದೆ ಸದಾಶಿವಯ್ಯನವರು ಬಾಗಿಲು ದಾಟಿದವರಲ್ಲ. ಎಡಗೈಯಲ್ಲಿ ಇಟ್ಟುಕೊಳ್ಳುವುದಕ್ಕೆ ಮನಸ್ಸು ಒಪ್ಪದು. ಬಲಗೈ ಹಣೆಯವರೆಗೆ ಬಾರದು. ಮಾರನೆಯ ಬೆಳಿಗ್ಗೆ ಅವರೊಂದು ಉಪಾಯ ಕಂಡುಹಿಡಿದರು. ಪಡಸಾಲೆಯ ಕಂಬಕ್ಕೆ ಬಲಗೈ ಎಟಕುವಷ್ಟು ಎತ್ತರದಲ್ಲಿ ಒದ್ದೆ ವಿಭೂತಿ ಬಳಿದು, ಮಂಡಿ ಬಗ್ಗಿಸಿ, ಹಣೆಯನ್ನೇ ಕಂಬಕ್ಕೆ ಒತ್ತಿದರು. ಸರಿಯಾಗಿ ಅಂಟಲೆಂದು ಕೂತೆದ್ದು ತಿಕ್ಕಿದರು. ಭಕ್ತಿಗೆ ಕೊರತೆಯಿರಲಿಲ್ಲ. ಆದರೆ ಕೂತು ಏಳುವ ಮನುಷ್ಯನ ಹಣೆಯ ಮೇಲೆ ಗೆರೆ ಅಡ್ಡಡ್ಡ ಬೀಳುವುದಿಲ್ಲ, ಉದ್ದುದ್ದ ಬೀಳುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ಕನ್ನಡಿ ನೋಡುವ ಅಭ್ಯಾಸವೂ ಅವರಿಗಿರಲಿಲ್ಲ.

ಮೊದಲು ಕಂಡವರು ಎದುರುಮನೆಯ ಗುರುಸಿದ್ದಮ್ಮ. ಕೈಲಿದ್ದ ಕೊಡ ಅಲ್ಲೇ ಇಟ್ಟು ನೆರೆಮನೆಯವರ ಹತ್ತಿರ ಓಡಿದರು.

"ಸದಾಶಿವಯ್ಯನೋರು ನಾಮ ಹಾಕ್ಕೊಂಡವ್ರೆ ಕಣ್ರೇ! ಎದ್ದು ಕಾಣ್ತದೆ, ಉದ್ದಕ್ಕೆ, ಮೂರು ಗೆರೆ!"

"ನಾಮವಾ? ಯಾಕಂತೆ?"

"ಎತ್ತು ಮಾರ್ಲಿಲ್ವಾ? ಅದಕ್ಕೂ ಇದಕ್ಕೂ ಏನೋ ಐತೆ. ದೊಡ್ಡ ಲೆಕ್ಕಾಚಾರ ಇರ್ಬೇಕು. ಅವರೇನು ದಡ್ಡರಾ?"

ಅವರು ದಡ್ಡರಲ್ಲ ಎಂಬ ಈ ನಂಬಿಕೆಯೇ ಮುಂದಿನ ಅನಾಹುತಕ್ಕೆಲ್ಲ ಮೂಲವಾಯಿತು. ಪ್ರಾಣದಂತಿದ್ದ ಎತ್ತು ಮಾರಬೇಕಾದರೆ ಎತ್ತಿಗಿಂತ ದೊಡ್ಡದೇನೋ ಬರಬೇಕು. ಎತ್ತಿಗಿಂತ ದೊಡ್ಡದೆಂದರೆ ಟ್ರಾಕ್ಟರ್. ಸಂಜೆಯೊಳಗೆ ಟ್ರಾಕ್ಟರಿನ ಬಣ್ಣವೂ ನಿರ್ಧಾರವಾಯಿತು. ಮರುದಿನ ಸಾಲ ಕೊಡುವ ಆಫೀಸರೊಬ್ಬರು ಮೋಟರ್ ಬೈಕಿನಲ್ಲಿ ಧೂಳೆಬ್ಬಿಸಿಕೊಂಡು ಬಂದು, ಜಗಲಿಯ ಮೇಲೆ ಕೂತು, "ತಾವು ಟ್ರಾಕ್ಟರ್ ತಗೋತೀರಂತೆ, ಬಹಳ ಸಂತೋಷ" ಎಂದರು.

ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಇಲ್ಲ ಎಂದರೆ, ಮತ್ತೆ ಎತ್ತು ಯಾಕೆ ಮಾರಿದಿರಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಸೂಜಿ. ಸೂಜಿಯೆಂದರೆ ಹೆಂಡತಿಯೇ ನಂಬಲಿಲ್ಲ. ಸದಾಶಿವಯ್ಯನವರು ನಾಮ ಬಿದ್ದಿದ್ದ ಹಣೆಯನ್ನು ಗಂಭೀರವಾಗಿ ಅಲ್ಲಾಡಿಸಿ, "ಯೋಚನೆ ಮಾಡ್ತಿದೀನಿ" ಎಂದರು.

ಅಷ್ಟು ಸಾಕಾಯಿತು. ಅರಳಗುಪ್ಪೆಯಿಂದ ದೂರದ ನೆಂಟರು ಬಾಳೆಗೊನೆ ಹೊತ್ತು ಬಂದು, ತಮ್ಮ ಹೊಲಕ್ಕೇ ಮೊದಲ ಉಳುಮೆ ಎಂದು ಮಾತು ತೆಗೆದುಕೊಂಡು ಹೋದರು. ಇದಕ್ಕಿಂತ ಕೆಟ್ಟದ್ದು ಬೇರೆಯಾಯಿತು. ಟ್ರಾಕ್ಟರ್ ಕೊಳ್ಳುವಷ್ಟು ಬೆಲೆ ಎತ್ತಿಗೆ ಬಂದಿದೆಯೆಂದ ಮೇಲೆ, ಸುತ್ತಲಿನ ಹಳ್ಳಿಯ ಎತ್ತುಗಳೆಲ್ಲ ಒಂದೇ ದಿನದಲ್ಲಿ ಮಾಣಿಕ್ಯವಾದವು. ಬುಡನ್ ಸಾಬರು ಯಾರ ಮುಂದೆ ಟವೆಲ್ ಹಾಸಿದರೂ ಒಂದೇ ಮಾತು: "ಸದಾಶಿವಯ್ಯನೋರಿಗೆ ಕೊಟ್ಟ ರೇಟು ಕೊಡಿ."

"ಅದೆಷ್ಟು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ. ಅದೇ ಕೊಡಿ."

ಕಾಲು ಎಳೆಯುವ ಮುದಿ ಎತ್ತಿಗೂ ಅದೇ ರೇಟು, ನೆಟ್ಟಗೆ ನಿಲ್ಲಲಾರದ ಕರುವಿಗೂ ಅದೇ ರೇಟು. ನಿಜವಾದ ಬೆಲೆ ಹೇಳಿದರೆ ಬುಡನ್ ಸಾಬರ ವ್ಯಾಪಾರ ಉಳಿಯುತ್ತಿತ್ತು. ಆದರೆ ಟವೆಲ್ ಕೆಳಗಿನದನ್ನು ಅವರು ಬಾಯಲ್ಲಿ ಹೇಳುವವರಲ್ಲ. ಚಿಕ್ಕನಾಯಕನಹಳ್ಳಿಯವರೆಗೂ ಅಲೆದು, ಒಂದು ಬಾಲವನ್ನೂ ಕೊಳ್ಳಲಾಗದೆ ತಿರುಗಿ ಬಂದರು. ಚಿಂತೆಗೆ ಕತ್ತು ಹಿಡಿಯಿತು. ಹುಳಿಯಾರಿನ ಗಿರಾಕಿಯೊಬ್ಬ ಚೆನ್ನ ಚೆಲುವರನ್ನು ನೋಡಿ ಮೆಚ್ಚಿಹೋದದ್ದೊಂದೇ ಅವರಿಗೆ ಉಳಿದ ಸಮಾಧಾನ. ಸಂತೆಯ ದಿನ ಸಂಜೆ ಅವನು ಹೊಡೆದುಕೊಂಡು ಹೋಗುವುದೆಂದು ಮಾತಾಗಿತ್ತು.

ಆ ಸುದ್ದಿ ತಿಪ್ಪಯ್ಯನ ಬಾಯಲ್ಲಿ ಊರಿಗೆ ಬಂತು. ದ್ರಾಕ್ಷಾಯಣಮ್ಮ ಎದ್ದು ಕೊಟ್ಟಿಗೆಗೆ ಹೋದಳು. ಎತ್ತಿಲ್ಲದ ಬಾನಿಯೊಳಕ್ಕೆ ಎಂದಿನಂತೆ ಕಲಗಚ್ಚು ಸುರಿದಳು. ಆ ಸದ್ದು ಕೇಳಿ ಸದಾಶಿವಯ್ಯನವರ ಕಾಲು ನಿಂತಿತು.

"ಕೇಳೇ ಇಲ್ಲಿ. ಕೊಟ್ಟ ಮಾತು ನಾನು ತಪ್ಪಾಕಿಲ್ಲ. ಮಾರಿದ್ದು ಮಾರಿದ್ದೇ. ಆದ್ರೆ ಮಾರಿದೋನು ಮತ್ತೆ ಕೊಳ್ಳಬಾರ್ದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ. ಮೊದ್ಲು ಇನ್ನೊಂದು ಸಲ ಸೂಜಿ ಹಾಕಿಸ್ಕೊಂಡು ಈ ಕೈಯ ಹತೋಟಿಗೆ ತರ್ತೀನಿ. ಜೋಮು ಇಳಿಯೋವರೆಗೂ ಕಾಯ್ತೀನಿ. ಆಮೇಲೆ ಟವೆಲ್ ಕೆಳಗೆ ಕೈ ಇಟ್ಟು, ಬುಡನ್ ಸಾಬ್ರು ಎಷ್ಟು ಕೇಳಿದ್ರೂ ಸರಿ, ತೋಟ ಅಡ ಇಟ್ಟಾದ್ರೂ ಸರಿ, ಸಂಜೆಯೊಳಗೆ ತರ್ತೀನಿ."

"ಎಷ್ಟಕ್ಕೆ ಮಾರಿದ್ರಿ ಅಂತ್ಲೇ ಗೊತ್ತಿಲ್ವಲ್ರೀ?"

"ಗೊತ್ತಿಲ್ದಿದ್ರೆ ನಷ್ಟಾನೂ ಗೊತ್ತಾಗಾಕಿಲ್ಲ" ಎಂದರು ಸದಾಶಿವಯ್ಯನವರು. ಇಷ್ಟು ದಿನದಲ್ಲಿ ಅವರು ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಸಂತೆಯ ಬೆಳಿಗ್ಗೆ, ಡಾಕ್ಟರಮ್ಮನ ಕೋಣೆಗೆ ಕಾಲಿಟ್ಟರೆ, ಮಂಚದ ಮೇಲೆ ಬೋರಲು ಮಲಗಿ ಕುತ್ತಿಗೆಯವರೆಗೆ ದುಪ್ಪಟಿ ಹೊದ್ದಿದ್ದವರು ಬುಡನ್ ಸಾಬರು.

"ಬನ್ನಿ, ಒಳ್ಳೇ ಸಮಯಕ್ಕೆ ಬಂದ್ರಿ" ಎಂದರು ಡಾಕ್ಟರಮ್ಮ. "ಇವರು ಸೂಜಿ ನೋಡಿದ ಕೂಡಲೇ ಎದ್ದು ಓಡ್ತಾರೆ. ಸ್ವಲ್ಪ ಕೈ ಹಿಡ್ಕೊಂಡು ಕೂತ್ಕೊಳ್ಳಿ."

ಸದಾಶಿವಯ್ಯನವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ದುಪ್ಪಟಿಯ ಕೆಳಗೆ ಕೈ ತೂರಿಸಿ ಬುಡನ್ ಸಾಬರ ಕೈ ಹಿಡಿದರು. ಹಿಡಿದ ಮೇಲೆ ನೋಡುತ್ತಾರೆ: ಕೈಯಲ್ಲಿ ಕೈ, ಮೇಲೆ ಬಟ್ಟೆ. ಶಿವನೇ ಸಂತೆಯನ್ನು ಮಹಡಿಗೆ ಹತ್ತಿಸಿದ್ದಾನೆ. ಸಂಜೆಯವರೆಗೆ ಕಾಯುವುದೇಕೆ? ಅವರು ಉಸಿರು ಬಿಗಿಹಿಡಿದು, ತಮ್ಮ ಬೆರಳಿನಿಂದ ಬುಡನ್ ಸಾಬರ ಬೆರಳನ್ನು ಹಿಡಿದು ಒಂದು ಬೆಲೆ ಹೇಳಿದರು. ತಮ್ಮ ಯೋಗ್ಯತೆ ಮೀರಿದ ಬೆಲೆಯೇ. ಬುಡನ್ ಸಾಬರು ಬೋರಲು ಮಲಗಿದ್ದಲ್ಲೇ, "ಏನ್ ಅಯ್ಯನೋರೇ ಇದು, ಇಲ್ಲೂ..." ಎನ್ನುತ್ತಿದ್ದರು.

ಡಾಕ್ಟರಮ್ಮ ಕತ್ತಿನ ಸೂಜಿ ಮುಗಿಸಿ, ದುಪ್ಪಟಿಯ ಅಂಚು ಸರಿಸಿ, ಅದೇ ಕೈಯ ಮೊಣಕೈ ಕೆಳಗಿನ ಗಂಟಿಗೂ ಸೂಜಿ ಇಳಿಸಿದ್ದು ಆಗಲೇ.

ಬುಡನ್ ಸಾಬರ ಬೆರಳುಗಳು ದುಪ್ಪಟಿಯ ಕೆಳಗೆ ನೆಗೆದವು. ಹೆಬ್ಬೆರಳು ಬಾಗಿ ಬಂದು ಸದಾಶಿವಯ್ಯನವರ ಅಂಗೈ ನಡುವೆ ಬಲವಾಗಿ ಕೂತಿತು. ಒಪ್ಪಿಗೆ!

ಕೆಳಗೆ ಫಜಲುಲ್ಲಾನ ಹೊಲಿಗೆ ಯಂತ್ರ ಓಡುತ್ತಿತ್ತು. ಸಂತೆಯ ನ್ಯಾಯಕ್ಕೆ ಬಂದರೆ ಚೆನ್ನ, ಚೆಲುವ ಈ ಗಳಿಗೆಯಲ್ಲಿ ಮತ್ತೆ ಸದಾಶಿವಯ್ಯನವರ ಎತ್ತುಗಳಾದವು. ಟವೆಲಿಗೂ ದುಪ್ಪಟಿಗೂ ವ್ಯತ್ಯಾಸವಿಲ್ಲ. ಇದನ್ನು ಯಾವ ಪಂಚಾಯ್ತಿಯೂ ಅಲ್ಲಗಳೆಯುವಂತಿಲ್ಲ. ಎದ್ದು "ಆಗ್ಲಿ" ಎಂದರೆ ಮುಗಿಯಿತು. ಸದಾಶಿವಯ್ಯನವರ ಬಾಯಿ ಅದಕ್ಕಾಗಿ ತೆರೆದೂ ಇತ್ತು.

"ಬ್ಯಾಡ ಬುಡನ್ ಸಾಬ್" ಎಂದು ಅದು ಹೇಳಿತು. "ಇದನ್ನ ನಾನು ಒಪ್ಪಾಕಿಲ್ಲ. ಇದು ನೀವಲ್ಲ. ಸೂಜಿ."

ಹೇಳಿ, ಕೈ ಹಿಂದಕ್ಕೆ ತೆಗೆದುಕೊಂಡರು.

ಬುಡನ್ ಸಾಬರು ಕತ್ತು ತಿರುಗಿಸಲಾಗದೆ, ದುಪ್ಪಟಿ ಸರಿಸಿ ತಮ್ಮ ಕೈಯನ್ನೇ ನೋಡಿಕೊಂಡರು. ಬೆರಳು ಇನ್ನೂ ಸಣ್ಣಗೆ ಅದುರುತ್ತಿತ್ತು. "ಡಾಕ್ಟ್ರಮ್ಮ, ಇದು ನಾನ್ ಮಾಡಿದ್ದಲ್ಲ."

"ಗೊತ್ತು. ಅದು ತಾನಾಗೇ ಆಗೋದು."

"ಎಲ್ರಿಗೂ ಹಿಂಗೇ ಆಗ್ತದಾ?"

"ಗಂಟು ಇರೋರಿಗೆಲ್ಲ ಆಗುತ್ತೆ. ಹೋದ ವಾರ ಇವರಿಗೂ ಹೀಗೇ ಎಗರಿತು. ಆವತ್ತು ಕೈಗೆ ಕೆಲಸ ಕೊಡಬೇಡಿ ಅಂತ ಹೇಳಿ ಕಳಿಸಿದ್ದೆ."

"ಹೋದ ವಾರ ಅಂದ್ರೆ... ಸಂತೆ ದಿವಸವಾ?"

"ಹೌದು. ಬೆಳಿಗ್ಗೆ."

ಬುಡನ್ ಸಾಬರ ಕಣ್ಣು ನಿಧಾನವಾಗಿ ಸದಾಶಿವಯ್ಯನವರ ಕಡೆ ಹೊರಳಿತು. ಸದಾಶಿವಯ್ಯನವರು ಗೋಡೆಯ ಮೇಲಿದ್ದ ಎಲುಬಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ತಮ್ಮ ಸರದಿಯ ಸೂಜಿ ಮುಗಿಸಿ ಇವರು ಕೆಳಗಿಳಿಯುವ ಹೊತ್ತಿಗೆ ಬುಡನ್ ಸಾಬರು ಹೊರಟುಹೋಗಿದ್ದರು. ಜೋಮು ಇಳಿದ ಮೇಲೆ ಸಂತೆಯನ್ನೆಲ್ಲ ಹುಡುಕಿದರೂ ಅವರು ಸಿಗಲಿಲ್ಲ. ಅವರ ಜಾಗದಲ್ಲಿ ಹಾಸಿದ ಟವೆಲೂ ಇರಲಿಲ್ಲ. ಹುಳಿಯಾರಿನ ದಾರಿ ಹಿಡಿದಿರಬೇಕು ಎಂದರು ಯಾರೋ. ಹೊತ್ತು ಇಳಿಯಿತು. ಸದಾಶಿವಯ್ಯನವರು ತಿಪ್ಪಯ್ಯನೊಡನೆ ಊರಿನ ದಾರಿ ಹಿಡಿದರು. ತೋಟದ ಸಾಲು ಶುರುವಾಗುವಲ್ಲಿ ನಿಂತು, ಎಂಟು ದಿನದಿಂದ ಗಂಟಲಲ್ಲಿದ್ದುದನ್ನು ಹೇಳಿಬಿಟ್ಟರು.

"ತಿಪ್ಪಯ್ಯ, ನಿನ್ ಕರು ವಿಚಾರದಾಗೆ ನಾನು ತಪ್ಪು ತೀರ್ಪು ಕೊಟ್ಟೆ ಕಣಪ್ಪ. ಕೈನೂ ಜಾರ್ತದೆ. ಅವತ್ತು ನಿನ್ ಬೆರಳು ನಿಜವಾಗ್ಲೂ ಜಾರಿತ್ತು."

ತಿಪ್ಪಯ್ಯ ನಡೆಯುತ್ತಲೇ ಹೇಳಿದ: "ಜಾರಿರ್ಲಿಲ್ಲ ಅಣ್ಣ. ಮಾರಿದ್ ಮ್ಯಾಲೆ ಇನ್ನೂ ಜಾಸ್ತಿ ಕೇಳಬೌದಿತ್ತು ಅಂತ ಹೊಟ್ಟೆ ಉರೀತು. ಸುಳ್ಳು ಹೇಳ್ದೆ. ನೀನ್ ಕೊಟ್ಟ ತೀರ್ಪು ಸರಿಯಾಗೇ ಇತ್ತು. ಅದಕ್ಕೇ ನಂಗೆ ನಿನ್ ಮೇಲೆ ಅಷ್ಟು ಸಿಟ್ಟು."

ಪಶ್ಚಾತ್ತಾಪಪಡಲೂ ತಮಗೆ ಸರಿಯಾದ ಜಾಗ ಸಿಗಲಿಲ್ಲವಲ್ಲ ಎಂದುಕೊಳ್ಳುತ್ತ ಸದಾಶಿವಯ್ಯನವರು ಮನೆ ಸೇರಿದರು. ದ್ರಾಕ್ಷಾಯಣಮ್ಮ ಅಂಗಳದಲ್ಲೇ ನಿಂತಿದ್ದಳು. ಗಂಡನ ಹಿಂದೆ ದಾರಿಯನ್ನು ನೋಡಿದಳು. ದಾರಿಯಲ್ಲಿ ಯಾರೂ ಇರಲಿಲ್ಲ.

"ನಾಳೆ ಹುಳಿಯಾರಿಗೇ ಹೋಗ್ತೀನಿ" ಎಂದರು ಅವರು. "ಆ ಗಿರಾಕಿ ಮನೆ ಹುಡುಕ್ತೀನಿ. ಅಲ್ಲೂ ಟವೆಲ್ ಇರ್ತದೆ."

ಆಕೆ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಅವರು ಜಗಲಿಯ ಮೇಲೆ ಕೂತು ಅದನ್ನು ಕುಡಿಯುತ್ತಿರುವಾಗ ಬೀದಿಯಲ್ಲಿ ಗೊರಸಿನ ಸದ್ದಾಯಿತು. ಎದುರುಮನೆಯ ಬಾಗಿಲಲ್ಲಿ ಗುರುಸಿದ್ದಮ್ಮ ಕಾಣಿಸಿಕೊಂಡರು. ಅವರ ಹಿಂದೆ ಇನ್ನೂ ನಾಲ್ಕಾರು ತಲೆಗಳು ಕಾಣಿಸಿಕೊಂಡವು.

ಮುಂದೆ ಬುಡನ್ ಸಾಬರು, ಸೂಜಿ ಹಾಕಿಸಿಕೊಂಡ ಕತ್ತನ್ನು ನೆಟ್ಟಗೆ ಹಿಡಿದುಕೊಂಡು. ಹಿಂದೆ ಚೆನ್ನ, ಚೆಲುವ. ಹುಳಿಯಾರಿನವನಿಗೆ ಏನು ಹೇಳಿ ಕಳಿಸಿದರೋ, ಎಷ್ಟು ಕಳೆದುಕೊಂಡರೋ, ಅವರ ಮುಖದಲ್ಲಿ ಬರೆದಿರಲಿಲ್ಲ.

ಸದಾಶಿವಯ್ಯನವರು ಇಳಿದು ಬಂದರು. ಬೀದಿಗೆ ಕೇಳದಂತೆ, "ಬುಡನ್ ಸಾಬ್, ಅವತ್ತು ನನ್ ಕೈ ಎಷ್ಟು ಅಂದಿತ್ತು?" ಎಂದರು.

"ಅದು ಟವೆಲ್ ಕೆಳಗೇ ಇರ್ಲಿ ಅಯ್ಯನೋರೇ" ಎಂದರು ಬುಡನ್ ಸಾಬರು.

ಸದಾಶಿವಯ್ಯನವರು ಹಗ್ಗ ತೆಗೆದುಕೊಳ್ಳಲು ಕೈ ಚಾಚಿದರು. ಬುಡನ್ ಸಾಬರು ಆ ಕೈಯನ್ನೊಮ್ಮೆ ನೋಡಿ, ಅದಕ್ಕೆ ಹಗ್ಗ ಕೊಡದೆ ದಾಟಿ ಮುಂದೆ ಹೋದರು. ಅಂಗಳದಲ್ಲಿ ನಿಂತಿದ್ದ ದ್ರಾಕ್ಷಾಯಣಮ್ಮನ ಕೈಗೆ ಎರಡೂ ಹಗ್ಗ ಕೊಟ್ಟು, ಬಂದ ದಾರಿಯಲ್ಲೇ ತಿರುಗಿದರು.